ಮೊದಲು ಕಾಲು ಅಳೆಯಿರಿ: ಎಸ್‌ಡಿಎಂಸಿ ಸದಸ್ಯರಿಗೊಂದು ಬಹಿರಂಗ ಪತ್ರ

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ, ಸದಸ್ಯರಾದ ತಾಯಂದಿರಿಗೆ, ತಂದೆಯರಿಗೆ,

ಶಾಲೆ ಶುರುವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ನಿಮ್ಮ ಸಭೆಯ ಮುಂದೆ ಶೂ ಖರೀದಿಯ ವಿಷಯ ಬರುತ್ತದೆ. ಬಂದಷ್ಟೇ ಬೇಗ ಮುಗಿದೂ ಹೋಗುತ್ತದೆ. ಕೊಟೇಷನ್‌ಗಳನ್ನು ಓದಿ, ಒಬ್ಬರನ್ನು ಒಪ್ಪಿ, ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಬರೆದುಕೊಟ್ಟರೆ ಆಯಿತು. ಮುಂದಿನ ವಿಷಯ ಕಾಂಪೌಂಡಿನದೋ ಶೌಚಾಲಯದ ನೀರಿನದೋ ಇರುತ್ತದೆ. ಮುಖ್ಯ ಶಿಕ್ಷಕಿಯಾಗಿ ನಾನೂ ಇಂಥ ಸಭೆಗಳ ನಡಾವಳಿ ಬರೆದಿದ್ದೇನೆ. ಶೂಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದ ನೆನಪಿಲ್ಲ. ಆ ಹತ್ತು ನಿಮಿಷದ ಜಾಗದಲ್ಲಿ ಒಂದು ಇಡೀ ಮಧ್ಯಾಹ್ನ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಸೇವೆ ಶುರುವಾಗಿದ್ದು ಚಳ್ಳಕೆರೆ ಸೀಮೆಯಲ್ಲಿ. ಆಗ ಮಕ್ಕಳು ಬರಿಗಾಲಲ್ಲೇ ಬರುತ್ತಿದ್ದರು. ಜಾಲಿ ಮುಳ್ಳು ತೆಗೆಯಲು ನನ್ನ ಬ್ಯಾಗಿನಲ್ಲಿ ಚಿಮಟ ಸದಾ ಇರುತ್ತಿತ್ತು. ಕೊನೆಯ ವರ್ಷಗಳು ತೀರ್ಥಹಳ್ಳಿ ಕಡೆ. ಅಷ್ಟರಲ್ಲಿ ಸರ್ಕಾರವೇ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡುತ್ತಿತ್ತು. ಮುಳ್ಳು ತೆಗೆದ ಕೈಗೆ ಇದಕ್ಕಿಂತ ಸಂತೋಷ ಬೇರೆ ಏನಿದ್ದೀತು? ಪೆಟ್ಟಿಗೆಗಳು ಶಾಲೆಗೆ ಬಂದ ದಿನ ಹೊಸ ರೆಕ್ಸಿನ್ ವಾಸನೆ ಕಚೇರಿಯಿಡೀ ತುಂಬಿತ್ತು. ಮಕ್ಕಳು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು.

ಆ ವರ್ಷ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ತೋಟದ ದಾರಿಯಲ್ಲಿ ಎರಡು ಕಾಲುಸಂಕ ದಾಟಿ ಬರುತ್ತಿದ್ದ. ಶೂ ಮಾತ್ರ ಬ್ಯಾಗಿನಲ್ಲಿರುತ್ತಿತ್ತು. ಗೇಟಿನ ಹತ್ತಿರ ಕೂತು ಹಾಕಿಕೊಂಡು ಪ್ರಾರ್ಥನೆಗೆ ನಿಲ್ಲುತ್ತಿದ್ದ, ತರಗತಿಗೆ ಹೋದೊಡನೆ ಬಿಚ್ಚಿ ಬೆಂಚಿನ ಕೆಳಗೆ ಇಡುತ್ತಿದ್ದ. ಕೆಸರಾಗದಿರಲಿ ಎಂದು ಹೀಗೆ ಮಾಡುತ್ತಾನೆ ಅಂದುಕೊಂಡು, ಎಲ್ಲರ ಎದುರು, 'ನೋಡಿ, ಸಾಮಾನನ್ನು ಹೀಗೆ ಜೋಪಾನ ಮಾಡಬೇಕು' ಎಂದು ಅವನನ್ನು ಹೊಗಳಿದೆ. ಮಳೆ ನಿಂತು ಖೊ ಖೊ ಅಭ್ಯಾಸ ಶುರುವಾದ ಮೇಲೆ ಒಂದು ದಿನ ಅವನು ಕುಂಟುವುದು ಕಣ್ಣಿಗೆ ಬಿತ್ತು. ಸಾಕ್ಸ್ ಬಿಚ್ಚಿಸಿ ನೋಡಿದರೆ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಕಿರುಬೆರಳ ಚರ್ಮ ಸುಲಿದಿತ್ತು. ನಾಲ್ಕನೇ ತರಗತಿಗೆಲ್ಲ ನಾವು ತರಿಸಿದ್ದು 1 ನಂಬರ್. ಅವನ ಕಾಲಿಗೆ ಬೇಕಾಗಿದ್ದದ್ದು 3.

'ಯಾಕೋ ಹೇಳಲಿಲ್ಲ?' ಎಂದು ಕೇಳಿದೆ.

'ಹೇಳಿದ್ರೆ ವಾಪಸ್ ತಗೋತಾರೆ ಅಂದ್ಕೊಂಡೆ ಮಿಸ್.'

ಖರೀದಿಯ ಪಟ್ಟಿಗೆ ಸಹಿ ಹಾಕಿದ್ದವಳು ನಾನೇ. ಕೊಟ್ಟದ್ದನ್ನು ದೂರುವುದು ತಪ್ಪು ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮನೆಯ ಬಡತನವೇ ಕಲಿಸಿರುತ್ತದೆ. ಆದ್ದರಿಂದ 'ಶೂ ಸರಿಯಾಗಿದೆಯಾ?' ಎಂದು ಸಾಲಾಗಿ ನಿಲ್ಲಿಸಿ ಕೇಳಿದರೆ 'ಸರಿಯಾಗಿದೆ ಮಿಸ್' ಎಂಬ ಒಂದೇ ಉತ್ತರ ಸಿಗುತ್ತದೆ. ಅದನ್ನು ನಂಬಬೇಡಿ.

ಮರುವರ್ಷ ನಾವು ಅಳತೆ ತೆಗೆದೆವು. ಐದನೇ ತರಗತಿಯ ಹದಿನಾಲ್ಕು ಮಕ್ಕಳಲ್ಲಿ ಐದು ಬೇರೆ ಬೇರೆ ನಂಬರಿನ ಕಾಲುಗಳಿದ್ದವು. ಅಂದರೆ ಹಿಂದಿನ ವರ್ಷ ಅದೇ ಮಕ್ಕಳಲ್ಲಿ ಹಲವರು ತಮ್ಮದಲ್ಲದ ಶೂಗಳಲ್ಲಿ ಓಡಾಡಿದ್ದರು. ಓದಿಗೆ ತರಗತಿ ಇರುತ್ತದೆ, ಪಾದಕ್ಕೆ ಇರುವುದಿಲ್ಲ.

ಅಳೆಯುವುದು ಕಷ್ಟದ ಕೆಲಸವೇನಲ್ಲ. ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯೇ ಸಾಕು. ಬಿಸಿಯೂಟವಾದ ಮೇಲೆ ಮಾಡಿ, ಏಕೆಂದರೆ ಬೆಳಗಿನಿಂದ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ, ಶೂ ಆ ಉಬ್ಬಿಗೂ ಹಿಡಿಸಬೇಕು. ಮಗು ಸಾಕ್ಸ್ ಹಾಕಿಕೊಂಡು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಲಿ. ಕೂತಾಗ ಪಾದ ಚಿಕ್ಕದಾಗಿರುತ್ತದೆ, ನಿಂತರೆ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಿರಿ, ಓರೆಯಾಗಿ ಹಿಡಿದರೆ ಅಳತೆ ಕೆಡುತ್ತದೆ. ಎರಡೂ ಪಾದ ಬರೆಯಿರಿ, ಹಲವರಿಗೆ ಒಂದು ಇನ್ನೊಂದಕ್ಕಿಂತ ಚೂರು ದೊಡ್ಡದಿರುತ್ತದೆ, ದೊಡ್ಡದರ ಲೆಕ್ಕವೇ ಲೆಕ್ಕ. ಹಿಮ್ಮಡಿಯಿಂದ ಎಲ್ಲಕ್ಕಿಂತ ಉದ್ದದ ಬೆರಳಿನವರೆಗೆ ಸ್ಕೇಲ್ ಇಟ್ಟು ಮಿಲಿಮೀಟರ್ ಬರೆದುಕೊಳ್ಳಿ. ಎಲ್ಲರಿಗೂ ಹೆಬ್ಬೆರಳೇ ಉದ್ದವಲ್ಲ, ಎಷ್ಟೋ ಮಕ್ಕಳಿಗೆ ಪಕ್ಕದ ಬೆರಳು ಮುಂದಿರುತ್ತದೆ. ಬೆರಳ ಬುಡದಲ್ಲಿ ಅಗಲವನ್ನೂ ಅಳೆಯಿರಿ. ಹಾಳೆಯ ಮೂಲೆಯಲ್ಲಿ ಹೆಸರು, ತರಗತಿ. ಅರವತ್ತು ಮಕ್ಕಳ ಶಾಲೆಗೆ ನಾಲ್ಕು ತಾಯಂದಿರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಎಸ್‌ಡಿಎಂಸಿಯಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳಿರುವುದು ಇಂಥ ಕೆಲಸಕ್ಕೂ ಹೌದು ಎಂದು ನಾನು ತಿಳಿದಿದ್ದೇನೆ. ಮಗುವಿನ ಕಾಲು ತೊಳೆದವರಿಗೆ ಆ ಕಾಲಿನ ಗುರುತು ಇರುತ್ತದೆ.

ಅಂಗಡಿಗೆ ಹೋಗುವಾಗ ಆ ಹಾಳೆಗಳು ನಿಮ್ಮ ಜೊತೆ ಹೋಗಲಿ. ಶೂನ ಒಳಹಾಸನ್ನು ಹೊರಗೆ ತೆಗೆದು ಪಾದದ ಗೆರೆಯ ಮೇಲೆ ಇಡಿ. ಉದ್ದದ ಬೆರಳಿನ ಮುಂದೆ ದೊಡ್ಡವರ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಪಾದ ವರ್ಷಕ್ಕೆ ಸುಮಾರು ಒಂದು ನಂಬರಿನಷ್ಟು ಬೆಳೆಯುತ್ತದೆ, ಆ ಜಾಗ ಅದಕ್ಕೆ. ಗೆರೆಯ ಅಗಲ ಒಳಹಾಸಿನಿಂದ ಎರಡೂ ಕಡೆ ಹೊರಗೆ ಚಾಚಿದ್ದರೆ ಅದು ಆ ಮಗುವಿನ ಶೂ ಅಲ್ಲ, ನಂಬರ್ ಏನೇ ಇರಲಿ.

ನಂಬರಿನ ವಿಷಯದಲ್ಲಿ ಒಂದು ಗೊಂದಲ ಇದೆ. ಮಕ್ಕಳ ನಂಬರ್ 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ. 12ರ ಶೂ 2ರ ಶೂಗಿಂತ ಚಿಕ್ಕದು. ಪಟ್ಟಿ ಬರೆಯುವವರಿಗೆ ಇದು ತಿಳಿಯದಿದ್ದರೆ ಒಂದನೇ ತರಗತಿಯ ಕೂಸಿಗೂ ಐದನೆಯವನಿಗೂ ಅದಲುಬದಲು ಆಗುತ್ತದೆ. ಇದು ಬ್ರಿಟಿಷರ ಅಳತೆ. ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಎಂಟೂವರೆ ಮಿಲಿಮೀಟರಿನಷ್ಟು. ಅವರು ಹೋದರೂ ಅವರ ಪಾದದ ಅಚ್ಚು ನಮ್ಮ ಪೆಟ್ಟಿಗೆಗಳ ಮೇಲೆ ಉಳಿಯಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ನಮ್ಮ ಪಾದ ಯುರೋಪಿನವರ ಪಾದಕ್ಕಿಂತ ಅಗಲ ಎಂಬುದು ಅಲ್ಲಿ ಕಂಡಿತು. ಅದರ ಆಧಾರದ ಮೇಲೆಯೇ 'ಭ' ಎಂಬ ಭಾರತೀಯ ಅಳತೆಯನ್ನು ರೂಪಿಸಿದ್ದಾರೆ. ನಾನು ಇದನ್ನು ಹೇಳುವುದು ಒಂದೇ ಕಾರಣಕ್ಕೆ: ಉದ್ದ ಸರಿಯಿದ್ದರೂ ಅಗಲದಲ್ಲಿ ಹಿಡಿಯುವ ಶೂ ನಮ್ಮಲ್ಲಿ ಅಪರೂಪವಲ್ಲ. ಅದರಲ್ಲೂ ಮನೆಯಲ್ಲಿ ಬರಿಗಾಲಲ್ಲಿ ಬೆಳೆದ ಮಗುವಿನ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಮೂತಿ ಚೂಪಾದ ಶೂ ನೋಡಲು ಚೆಂದ, ಆ ಬೆರಳುಗಳಿಗೆ ಸೆರೆಮನೆ. ಮುಂದೆ ಅಗಲವಾಗಿ, ದುಂಡಗೆ, ಒಳಗೆ ಬೆರಳು ಆಡಿಸಲು ಬರುವಂತಿರುವುದನ್ನೇ ಆರಿಸಿ.

ಮುಚ್ಚಿದ ಶೂ ಪಾದದ ಬೆಳವಣಿಗೆಗೆ ತೊಡಕಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನದ ಬೆಂಬಲವಿದೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯ ವೈದ್ಯರಾದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ ಸುಮಾರು 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿ, 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ 100ಕ್ಕೆ 8.6 ಮಂದಿಗೆ ಚಪ್ಪಟೆ ಪಾದ ಇತ್ತು, ಬರಿಗಾಲಿನವರಲ್ಲಿ 2.8 ಮಂದಿಗೆ. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಎಲ್ಲಕ್ಕಿಂತ ಹೆಚ್ಚು, ಸ್ಯಾಂಡಲ್ ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಹಾಗೆಂದು ಬರಿಗಾಲಿಗೇ ಮರಳಿ ಎಂದು ನಾನು ಹೇಳಲಾರೆ. ಕೊಕ್ಕೆಹುಳು ಹಸಿ ಮಣ್ಣಿನಿಂದ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಪಾಠದ ಮಧ್ಯೆ ತೂಕಡಿಸುವ, ಕಣ್ಣ ರೆಪ್ಪೆಯ ಒಳಗೆ ಬಿಳುಚಿದ ಎಷ್ಟು ಮಕ್ಕಳನ್ನು ನಾನು ನೋಡಿಲ್ಲ! ಶಾಲೆಯಲ್ಲಿ ಜಂತುಹುಳದ ಮಾತ್ರೆ ನುಂಗಿಸುವುದು ಎಷ್ಟು ಮುಖ್ಯವೋ ಕಾಲಿಗೊಂದು ಮರೆ ಇರುವುದೂ ಅಷ್ಟೇ ಮುಖ್ಯ. ನನ್ನ ಬೇಡಿಕೆ ಇಷ್ಟೇ, ಕಾಲನ್ನು ಕಾಯಲು ಕೊಡುವ ವಸ್ತು ಕಾಲನ್ನು ಅದುಮಬಾರದು.

ಶೂ ಬದಲು ಸ್ಯಾಂಡಲ್ ತರಬಹುದೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ತರಬಹುದು. ಆಯಾ ಊರಿನ ಹವಾಮಾನ ನೋಡಿಕೊಂಡು ಸ್ಯಾಂಡಲ್ ಕೊಳ್ಳಲು ಇಲಾಖೆಯ ಸುತ್ತೋಲೆಯೇ ಅವಕಾಶ ಕೊಟ್ಟಿದೆ, ಆದರೂ ಎಷ್ಟೋ ಸಮಿತಿಗಳು ಅದನ್ನು ಬಳಸಿಕೊಳ್ಳುವುದಿಲ್ಲ. ಶೂ ಎಂದರೆ ಗೌರವ, ಸ್ಯಾಂಡಲ್ ಎಂದರೆ ಕಡಿಮೆ ಎಂಬ ಭಾವನೆ ಪೋಷಕರಲ್ಲೇ ಇದೆ. ಕಾನ್ವೆಂಟಿನ ಮಕ್ಕಳ ಸಮ ನಮ್ಮ ಮಕ್ಕಳೂ ಕಾಣಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವವಳಲ್ಲ ನಾನು. ಆದರೆ ಮಲೆನಾಡು, ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಒದ್ದೆಯಾದ ಶೂ ಒಣಗುವುದೆಂಬುದೇ ಇಲ್ಲ. ಸೋಮವಾರ ನೆನೆದದ್ದು ಗುರುವಾರವೂ ಹಸಿ. ಅದರೊಳಗೆ ಹಸಿ ಸಾಕ್ಸ್, ಅದರೊಳಗೆ ಬೆರಳ ಸಂದಿಯಲ್ಲಿ ಬೆಳ್ಳಗೆ ಬೆಂದ ಚರ್ಮ. ಇಂಬಳ ಹತ್ತಿದರೆ ಸ್ಯಾಂಡಲ್‌ನಲ್ಲಿ ಕಣ್ಣಿಗಾದರೂ ಕಾಣುತ್ತದೆ, ಶೂ ಒಳಗೆ ಹೊಕ್ಕರೆ ರಕ್ತ ಹರಿದ ಮೇಲೆ ಗೊತ್ತಾಗುತ್ತದೆ. ಅಲ್ಲಿನ ಮಕ್ಕಳಿಗೆ ಹಿಮ್ಮಡಿಗೆ ಪಟ್ಟಿ ಇರುವ, ಅಟ್ಟೆಯಲ್ಲಿ ಆಳವಾದ ಗೀರುಗಳಿರುವ ಸ್ಯಾಂಡಲ್ ಉತ್ತಮ. ಹಾವಸೆ ಕಟ್ಟಿದ ಕಾಲುಸಂಕದ ಮೇಲೆ ನುಣುಪು ಅಟ್ಟೆ ಜಾರಿದರೆ ಕೆಳಗೆ ಹಳ್ಳ. ಚಳ್ಳಕೆರೆ, ಪಾವಗಡ, ರಾಯಚೂರು ಕಡೆಯಾದರೆ ಮುಳ್ಳಿಗೂ ಕಾದ ನೆಲಕ್ಕೂ ಮುಚ್ಚಿದ ಶೂ ಸರಿ ಅನ್ನಿಸೀತು. ನಿಮ್ಮ ಊರಿನ ದಾರಿ ನಿಮಗೇ ಗೊತ್ತು.

ಈಗ ಬಾಳಿಕೆಯ ಮಾತು. ಸರ್ಕಾರ 2022-23ರಲ್ಲಿ ನಿಗದಿ ಮಾಡಿದ ದರ 1ರಿಂದ 5ನೇ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಇದರೊಳಗೆ ಎರಡು ಜೊತೆ ಸಾಕ್ಸ್ ಕೂಡ ಬರಬೇಕು. ಈ ದುಡ್ಡಿಗೆ ಚರ್ಮದ ಶೂ ಸಿಗದು. ಸಿಗುವುದು ರೆಕ್ಸಿನ್ ಮೈ, ಪಿವಿಸಿ ಅಥವಾ ಪಿಯು ಅಟ್ಟೆ. ಅದರಲ್ಲೂ ಒಳ್ಳೆಯದು ಕೆಟ್ಟದ್ದು ಎಂದು ಇದ್ದೇ ಇದೆ, ಬೇರ್ಪಡಿಸಲು ಕೈ ಸಾಕು. ಶೂನ ಮೂತಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿ. ಬೆರಳ ಬುಡ ಬರುವಲ್ಲಿ ಸಲೀಸಾಗಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದರಲ್ಲಿ ಬಲವಿಲ್ಲ, ಎಲ್ಲೂ ಬಗ್ಗದಿದ್ದರೆ ಮಗು ಹಲಗೆ ಕಟ್ಟಿಕೊಂಡು ನಡೆದಂತೆ. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಒತ್ತಿ, ಗಟ್ಟಿಯಾಗಿ ನಿಲ್ಲಬೇಕು. ಒಳಗೆ ಕೈ ಹಾಕಿ ಸವರಿ, ಹೊಲಿಗೆಯ ಗಂಟು ನಿಮ್ಮ ಬೆರಳಿಗೆ ತಾಗಿದರೆ ಮಗುವಿನ ಕಾಲಿಗೆ ಗುಳ್ಳೆ ಖಚಿತ. ಮೈಗೂ ಅಟ್ಟೆಗೂ ಕೂಡುವ ಕಡೆ ಬರೀ ಗಮ್ ಇದೆಯೋ ಹೊಲಿಗೆಯೂ ಇದೆಯೋ ನೋಡಿ. ಅಟ್ಟೆಯನ್ನು ಅಚ್ಚಿನಲ್ಲೇ ಮೈಗೆ ಎರಕ ಹೊಯ್ದ ಶೂ ಕೂಡ ಚೆನ್ನಾಗಿ ಬರುತ್ತದೆ. ಬರೀ ಗಮ್ ಹಚ್ಚಿದ್ದು ಮೊದಲ ಮಳೆಗೆ ಬಾಯಿ ಬಿಡುತ್ತದೆ.

ಪಿವಿಸಿ ಅಟ್ಟೆ ಭಾರ, ಒರಟು, ಆದರೆ ನೀರಿಗೆ ಹೆದರುವುದಿಲ್ಲ. ಪಿಯು ಹಗುರ, ಮೆತ್ತಗೆ, ಮಕ್ಕಳಿಗೆ ಹಿತ. ಆದರೆ ಅದಕ್ಕೊಂದು ದೌರ್ಬಲ್ಯ ಇದೆ. ತೇವದ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಹೊರಗೆ ಹೊಸದರಂತೆ ಹೊಳೆಯುತ್ತಲೇ ಒಳಗೆ ಸಡಿಲವಾಗಿರುತ್ತದೆ, ಹಾಕಿಕೊಂಡು ನಾಲ್ಕು ದಿನ ನಡೆದರೆ ರಸ್ಕಿನ ಹಾಗೆ ಉದುರುತ್ತದೆ. ಅಂಗಡಿಯವರು 'ಸ್ಟಾಕ್ ರೆಡಿ ಇದೆ, ನಾಳೆಯೇ ಕಳಿಸ್ತೀವಿ' ಎಂದಾಗ ನಾವು ಖುಷಿಪಟ್ಟು, ಡಿಸೆಂಬರಿನಲ್ಲಿ ಮಕ್ಕಳ ಹಿಂದೆ ಕಪ್ಪು ಪುಡಿ ಬೀಳುವುದನ್ನು ಕಂಡಿದ್ದೇವೆ. ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಓದಿ ನೋಡಿ.

ಇನ್ನೊಂದು ಕೆಲಸ ಮಾಡಿ. ಆರ್ಡರ್ ಕೊಡುವ ಮುಂಚೆ ಪ್ರತಿ ಅಂಗಡಿಯಿಂದ ಒಂದೊಂದು ಜೊತೆ ಮಾದರಿ ತರಿಸಿ, ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡುವ, ಕಲ್ಲು ಕಂಡರೆ ಒದೆಯುವ ಮಗುವಿಗೆ ಒಂದು ವಾರ ಹಾಕಿಸಿ. ಆಮೇಲೆ ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಯಾವುದರ ಬಾಯಿ ಮುಚ್ಚಿದೆಯೋ ಅದನ್ನು ಒಪ್ಪಿ. ಅದೇ ನಮೂನೆಯ ಇನ್ನೊಂದು ಹೊಸ ಜೊತೆಯನ್ನು ಸದಸ್ಯರ ಸಹಿ ಹಾಕಿ ಕಚೇರಿಯ ಬೀರುವಿನಲ್ಲಿಟ್ಟು, ಸರಕು ಬಂದ ದಿನ ಪಕ್ಕದಲ್ಲಿಟ್ಟು ಹೋಲಿಸಿ. ಮಾದರಿ ಒಂದು, ಬಂದದ್ದು ಇನ್ನೊಂದು ಆಗುವುದುಂಟು. ಹಿಡಿಸದ ಶೂಗಳನ್ನು ಹದಿನೈದು ದಿನದೊಳಗೆ ಬದಲಿಸಿಕೊಡುತ್ತೇವೆ ಎಂದು ಬಾಯಿಮಾತಲ್ಲಿ ಹೇಳಿದರೆ ಸಾಲದು, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ದರ ಎಷ್ಟೆಂದು ನೋಡುವಾಗ ದಿನದ ಲೆಕ್ಕ ಹಾಕಿ. ಕಿರಿಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. 265 ರೂಪಾಯಿಯ ಶೂ ಅಷ್ಟೂ ದಿನ ಬಂದರೆ ದಿನಕ್ಕೆ 1 ರೂಪಾಯಿ 33 ಪೈಸೆ. ಅರವತ್ತೇ ದಿನಕ್ಕೆ ಕಿತ್ತುಹೋದರೆ 4 ರೂಪಾಯಿ 42 ಪೈಸೆ, ಮೇಲೆ ಉಳಿದ ನೂರನಲವತ್ತು ದಿನ ಮಗು ಬರಿಗಾಲಲ್ಲಿ. ದರ ಸಾಲದು ಅನ್ನಿಸಿದರೆ ಊರಿನ ದಾನಿಗಳನ್ನೋ ಹಳೆಯ ವಿದ್ಯಾರ್ಥಿಗಳನ್ನೋ ಕೇಳಲು ಸಂಕೋಚ ಬೇಡ. ದೇವಸ್ಥಾನದ ಸುಣ್ಣಬಣ್ಣಕ್ಕೆ ಕೊಡುವ ಕೈ ಮಕ್ಕಳ ಕಾಲಿಗೂ ಕೊಡುತ್ತದೆ, ಕೇಳುವವರು ಬೇಕು.

'ಒಂದು ನಂಬರ್ ದೊಡ್ಡದೇ ತಗೊಳ್ಳಿ, ಮುಂದಿನ ವರ್ಷಕ್ಕೂ ಆಗ್ತದೆ' ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಹೇಳುತ್ತಾರೆ. ಅಕ್ಕರೆಯಿಂದಲೇ ಹೇಳುವುದು. ಆದರೆ ಆಗುವುದು ತದ್ವಿರುದ್ಧ. ಹೆಬ್ಬೆರಳಿನಷ್ಟು ಜಾಗ ಬಿಟ್ಟ ಮೇಲೂ ಇನ್ನೊಂದು ನಂಬರ್ ಹೆಚ್ಚಿಸಿದರೆ ಹಿಮ್ಮಡಿ ಹೆಜ್ಜೆ ಹೆಜ್ಜೆಗೂ ಮೇಲೇಳುತ್ತದೆ, ಗುಳ್ಳೆ ಏಳುತ್ತದೆ, ಮಗು ಶೂ ಎಳೆದುಕೊಂಡು ನಡೆಯುತ್ತದೆ. ಪಾದ ಬಗ್ಗುವ ಜಾಗವೂ ಶೂ ಬಗ್ಗುವ ಜಾಗವೂ ಹೊಂದದೆ, ತಪ್ಪು ಕಡೆ ಗೆರೆ ಬಿದ್ದು ರೆಕ್ಸಿನ್ ಅಲ್ಲೇ ಸೀಳುತ್ತದೆ. ಮುಂದಿನ ವರ್ಷಕ್ಕೆಂದು ತಂದ ಶೂ ಈ ವರ್ಷವೇ ಮುಗಿಯುತ್ತದೆ. ಕಾಲು ಬೆಳೆಯುತ್ತಲೇ ಇರುವುದರಿಂದ ಮಾರ್ಚಿನಲ್ಲಿ ತೆಗೆದ ಅಳತೆಗೆ ಆಗಸ್ಟಿನಲ್ಲಿ ಶೂ ಕೊಳ್ಳಬೇಡಿ, ಕೊಳ್ಳುವ ವಾರವೇ ಅಳೆಯಿರಿ.

ಲೇಸು, ಬಕಲ್, ವೆಲ್ಕ್ರೋ ವಿಚಾರ ದೊಡ್ಡದಲ್ಲ. ಒಂದು, ಎರಡನೇ ತರಗತಿಯವರಿಗೆ ಲೇಸು ಕಟ್ಟಲು ಬರುವುದಿಲ್ಲ, ಬಿಚ್ಚಿದ ಲೇಸು ತುಳಿದು ಬೀಳುತ್ತಾರೆ. ಅವರಿಗೆ ವೆಲ್ಕ್ರೋ ಇರಲಿ, ಧೂಳು ತುಂಬಿ ಅಂಟದೇ ಹೋದಾಗ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಸಾಕ್ಸ್ ಮಾತ್ರ ಹತ್ತಿ ಹೆಚ್ಚಿರುವುದನ್ನೇ ಹುಡುಕಿ. ಬರೀ ನೈಲಾನ್ ಬೆವರು ಹೀರುವುದಿಲ್ಲ, ಸಂಜೆ ಬಿಚ್ಚಿದಾಗ ಮೀನಖಂಡದ ಮೇಲೆ ಎಲಾಸ್ಟಿಕ್ ಕೊರೆದ ಗುರುತು ಇರುತ್ತದೆ. ಎರಡು ಜೊತೆ ಕೊಡುವುದು ದಿನ ಬಿಟ್ಟು ದಿನ ಒಗೆಯಲಿ ಎಂದೇ. ಒದ್ದೆ ಶೂ ಒಳಗೆ ಹಳೆಯ ಪೇಪರ್ ತುರುಕಿ ಗಾಳಿಗೆ ಇಡಲು ಮನೆಯವರಿಗೆ ತಿಳಿಸಿ. ಒಲೆಯ ದಂಡೆಯ ಮೇಲೆ ಇಟ್ಟರೆ ಗಮ್ ಬಿಟ್ಟುಕೊಳ್ಳುತ್ತದೆ, ರೆಕ್ಸಿನ್ ಬಿರಿಯುತ್ತದೆ.

ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಮಗು ಪ್ರತಿ ಶಾಲೆಯಲ್ಲೂ ಇರಬಹುದು. ಒಂದು ಪಾದ ಒಳಕ್ಕೆ ತಿರುಗಿರುವ ಮಗು, ಒಂದು ಕಾಲು ಗಿಡ್ಡ ಇರುವ ಮಗು, ಕಾಲಿಗೆ ಆಧಾರದ ಪಟ್ಟಿ ಕಟ್ಟಿಕೊಳ್ಳುವ ಮಗು. 'ಅದಕ್ಕೆ ಹೇಗೂ ಶೂ ಹಿಡಿಸಲ್ಲ' ಎಂದು ಬಿಟ್ಟುಬಿಡುತ್ತಾರೆ, ಅಥವಾ ಒಂದು ಜೊತೆ ಕೊಟ್ಟು ಸುಮ್ಮನಾಗುತ್ತಾರೆ, ಅದು ಮನೆಯಲ್ಲಿ ಪೆಟ್ಟಿಗೆ ಬಿಚ್ಚದೆ ಕೂತಿರುತ್ತದೆ. ಎರಡು ಬೇರೆ ನಂಬರಿನ ಶೂ ಬೇಕಾದರೆ ಎರಡು ಜೊತೆ ಕೊಂಡು ಒಂದೊಂದು ಕೊಡಿ. ಅಟ್ಟೆ ಎತ್ತರಿಸಬೇಕಾದರೆ ತಾಲ್ಲೂಕು ಕೇಂದ್ರದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಮಗುವನ್ನೇ ಕರೆದುಕೊಂಡು ಹೋಗಿ. ನನ್ನ ಶಾಲೆಯ ಹುಡುಗಿಯೊಬ್ಬಳಿಗೆ ಪೇಟೆಯ ರಸ್ತೆ ಬದಿಯಲ್ಲಿ ಕೂರುವ ಹಿರಿಯರೊಬ್ಬರು ಅರ್ಧ ಗಂಟೆಯಲ್ಲಿ ರಬ್ಬರ್ ಪದರ ಕೂಡಿಸಿ ಹೊಲಿದುಕೊಟ್ಟರು. ಮಗುವನ್ನು ಎರಡು ಸಲ ನಡೆಸಿ ನೋಡಿ, ಮತ್ತೆ ಚೂರು ಕೆತ್ತಿ ಸರಿ ಮಾಡಿದರು. ಆ ಕೈಗಳಿಗೆ ಗೊತ್ತಿದ್ದಷ್ಟು ನಮ್ಮ ಕೊಟೇಷನ್‌ಗಳಿಗೆ ಗೊತ್ತಿರಲಿಲ್ಲ.

ವಿತರಣೆಯ ದಿನ ವೇದಿಕೆ ಕಟ್ಟಿ, ಗಣ್ಯರಿಂದ ಪೆಟ್ಟಿಗೆ ಕೊಡಿಸಿ ಫೋಟೊ ತೆಗೆಸುತ್ತೀರಿ, ತೆಗೆಸಿ. ಅದು ಮುಗಿದ ಮೇಲೆ ಗಣ್ಯರನ್ನು ಕಳಿಸಿ ನೀವು ಉಳಿಯಿರಿ. ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ, ಸಾಕ್ಸ್ ಹಾಕಿಸಿ, ಶೂ ತೊಡಿಸಿ, ಎದ್ದು ನಿಲ್ಲಲು ಹೇಳಿ. ಆಮೇಲೆ ಮೊಣಕಾಲೂರಿ ಕೂತು, ಶೂನ ಮೂತಿಯನ್ನು ನಿಮ್ಮ ಹೆಬ್ಬೆರಳಿನಿಂದ ಒತ್ತಿ ಮಗುವಿನ ಬೆರಳು ಎಲ್ಲಿದೆ ಎಂದು ಹುಡುಕಿ. ಮೈದಾನಕ್ಕೆ ಒಂದು ಸುತ್ತು ಓಡಿಸಿ, ಬಂದ ಮೇಲೆ ಶೂ ಬಿಚ್ಚಿಸಿ ಪಾದದ ಮೇಲೆ ಎಲ್ಲಾದರೂ ಕೆಂಪಾಗಿದೆಯೇ ನೋಡಿ. ಕೆಂಪಾಗಿದ್ದರೆ ಮಗುವನ್ನು ಏನೂ ಕೇಳದೆ ಆ ಜೊತೆಯನ್ನು ಬದಲಿಸುವ ರಾಶಿಗೆ ಹಾಕಿ. ಹಾಕುವಾಗ, ಬೇರೆ ಜೊತೆ ಬಂದೇ ಬರುತ್ತದೆ ಎಂದು ಅದರ ಮುಖ ನೋಡಿ ಹೇಳಿ.

ನಿಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ